ಕೇಳಿದರೆ ಹೇಳುತ್ತೇನೆ

ನವೆಂಬರ್ 4, ಮಂಗಳವಾರ

ಅಕ್ಕಾ,

ಕ್ಷೇಮಸಮಾಚಾರ ಬರೆಯುವ ಮನಸ್ಸಿಲ್ಲ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಕಾಗದದಲ್ಲಿ ಅದು ಆಗುವುದಿಲ್ಲ.

ನನಗೆ ನಲವತ್ತು ದಿನ ರಾತ್ರಿ ಪಾಳಿ ಬಿತ್ತು. ಮಗುವಿನ ಅಪ್ಪನಿಗೆ ಹಡಗಿನ ಅಡುಗೆಮನೆಯಲ್ಲಿ ಕೆಲಸ, ಬರುವುದು ಬೇಸಿಗೆಗೆ. ಒಡಹುಟ್ಟಿದವಳಲ್ಲವೇ ಎಂದು ನಂಬಿ ನನ್ನ ನಾಲ್ಕು ವರ್ಷದ ಮಗಳು ಕಡ್ಡಿಯನ್ನು ನಿನ್ನ ಮಡಿಲಿಗೆ ಹಾಕಿ ಹೋದೆ. ರಾತ್ರಿಯಾದರೆ ಅವಳ ಎದೆ ಸೀಟಿ ಹೊಡೆಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಡಾಕ್ಟರು ಈಗಷ್ಟೇ ಇನ್‌ಹೇಲರ್ ಶುರುಮಾಡಿದ್ದಾರೆ, ಬೆಳಿಗ್ಗೆ ಒಂದು ಸಲ ರಾತ್ರಿ ಒಂದು ಸಲ ತಪ್ಪಬಾರದು ಎಂದು ಹೇಳಿದ್ದೆ. ಚೀಟಿಯಲ್ಲಿ ಬರೆದು ನಿನ್ನ ಗೋಡೆಗೂ ಅಂಟಿಸಿದ್ದೆ.

ಹೊಸ ಇನ್‌ಹೇಲರಿನಲ್ಲಿ ನೂರಿಪ್ಪತ್ತು ಸಲಕ್ಕೆ ಆಗುವಷ್ಟು ಔಷಧಿ ಇರುತ್ತದೆ. ಒತ್ತಿದಾಗಲೆಲ್ಲ ಬೆನ್ನಿನ ಕಿಂಡಿಯಲ್ಲಿ ಅಂಕಿ ಒಂದೊಂದೇ ಇಳಿಯುತ್ತದೆ. ನಲವತ್ತು ದಿನಕ್ಕೆ ಎಂಬತ್ತು ಇಳಿದು ನಲವತ್ತು ಉಳಿಯಬೇಕಿತ್ತು. ಶನಿವಾರ ಅವಳನ್ನು ಕರೆತರಲು ಬಂದಾಗ ನಿನ್ನ ಮನೆಯ ಕಪಾಟಿನಲ್ಲಿದ್ದ ಡಬ್ಬಿ ತೊಂಬತ್ತೊಂದು ತೋರಿಸುತ್ತಿತ್ತು. ಅಂದರೆ ಐವತ್ತೊಂದು ಸಲ ಮಗುವಿಗೆ ಔಷಧಿ ಹೋಗಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಮನುಷ್ಯರು ಸುಳ್ಳು ಹೇಳುವುದನ್ನು ದಿನಾ ನೋಡುತ್ತೇನೆ, ಅಂಕಿ ಸುಳ್ಳು ಹೇಳಿದ್ದನ್ನು ಕಂಡಿಲ್ಲ.

ನಿನ್ನ ಪಂಕ್ಚರ್ ಅಂಗಡಿಯ ಮುಂದೆ, ಗಿರಾಕಿಗಳ ಎದುರಿಗೇ "ನನ್ನ ಮಗೂನ ಸಾಯ್ಸಕ್ಕೆ ನೋಡಿದ್ಯಾ?" ಎಂದು ಕೂಗಿದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಇನ್ನೂ ಜೋರಾಗಿ ಕೂಗಬೇಕಿತ್ತು.

ಔಷಧಿ ಕೊಡದೆ ಇದ್ದದ್ದಷ್ಟೇ ಅಲ್ಲ, ಏನೋ ಹೇಳಿ ಹೆದರಿಸಿಯೂ ಇದ್ದೀಯ. ಬಂದ ರಾತ್ರಿ ಔಷಧಿಗೆ ಎಂದು ಅವಳ ತಲೆ ಹಿಡಿದುಕೊಂಡೆ. ಇನ್‌ಹೇಲರಿನ ಮಾಸ್ಕು ಹತ್ತಿರ ಬಂದದ್ದೇ ಹಲ್ಲು ಕಚ್ಚಿ ಕಿರುಚಿ ಗೋಡೆಗೆ ತಿರುಗಿಬಿಟ್ಟಳು. ನಮ್ಮ ಲ್ಯಾಬಿನಲ್ಲಿ ಮಕ್ಕಳ ರಕ್ತ ತೆಗೆಯುವಾಗ ಒಂದೇ ಪಾಠ: ಗಟ್ಟಿಯಾಗಿ ಹಿಡಿ, ಬೇಗ ಮುಗಿಸು. ಹಾಗೇ ಮುಗಿಸಿದೆ.

ನೀನು ಇನ್ನು ಅವಳ ಮುಖ ನೋಡುವುದಿಲ್ಲ. ಈ ಕಾಗದಕ್ಕೆ ಉತ್ತರ ಬೇಕಾಗಿಲ್ಲ.

ತಂಗಿ


ನವೆಂಬರ್ 9, ಭಾನುವಾರ

ತಂಗೀ,

ಬೇಡವೆಂದರೂ ಬರೆಯುತ್ತಿದ್ದೇನೆ. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗಲಿಲ್ಲವಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಳಂತೆ. ಓದಿದವಳು ನೀನು, ಮೊದಲಿಂದಲೂ ಹಾಗೆಯೇ. ಕಪಾಟಿನ ಮುಂದೆ ನಿಂತು ಡಬ್ಬಿಯನ್ನು ಕೇಳಿದೆ. ಎರಡು ಹೆಜ್ಜೆ ಆಚೆ ನಾನು ನಿಂತಿದ್ದೆ, ನನ್ನನ್ನು ಕೇಳಲಿಲ್ಲ, ಅಂಗಡಿಗೆ ಬಂದ ಮೇಲೆ ಗಿರಾಕಿಗಳ ಎದುರು ಕೂಗಿದೆ. ಕೇಳಿದ್ದರೆ ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು. ಈಗ ನಾನಾಗಿ ಹೇಳುವುದಿಲ್ಲ. ನಿನ್ನ ಲೆಕ್ಕವೇ ಸರಿ ಅಂದುಕೋ.

ಅಂದು ಅಂಗಡಿ ಮುಂದೆ ಇದ್ದವರು ಮೂವರು. ಒಬ್ಬಳು ಟೀಚರು, ಎಂಟು ವರ್ಷದಿಂದ ನನ್ನ ಗಿರಾಕಿ. ಈಗ ಅವಳು ಸ್ಕೂಟರನ್ನು ತಳ್ಳಿಕೊಂಡು ನನ್ನ ಅಂಗಡಿ ದಾಟಿ ಮುಂದಿನ ತಿರುವಿನವರೆಗೆ ಹೋಗುತ್ತಾಳೆ. ಮಗುವನ್ನು ಕೊಲ್ಲಲು ನೋಡಿದವಳ ಹತ್ತಿರ ಗಾಳಿ ಹೊಡೆಸುವುದು ಬೇಡವಂತೆ.

ಒಂದು ಮಾತು ಮಾತ್ರ ತಿಳಿದುಕೋ. ಕಡ್ಡಿ ಇಲ್ಲಿದ್ದ ನಲವತ್ತು ದಿನ ಔಷಧಿಗೆ ಒಂದು ದಿನವೂ ಅಳಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಹೇಗೆ ಅಂತ ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ನೀನು ಬರೆದ ಆ 'ಗಟ್ಟಿಯಾಗಿ ಹಿಡಿ' ಓದಿದ ಕೂಡಲೇ ನೀನು ಎಲ್ಲಿ ತಪ್ಪುತ್ತಿದ್ದೀಯ ಅನ್ನುವುದೂ ಗೊತ್ತಾಯಿತು. ಕೇಳಿದರೆ ಹೇಳುತ್ತೇನೆ. 'ಅಕ್ಕಾ, ತಪ್ಪಾಯಿತು, ಹೇಳಿಕೊಡು' ಅಂತ ಬರೆ. ಅಷ್ಟೇ.

ಅಕ್ಕ


ನವೆಂಬರ್ 14, ಶುಕ್ರವಾರ

ಅಕ್ಕಾ,

ತಪ್ಪಾಯಿತು ಅನ್ನಬೇಕೇ? ನಾನು? ಕಾಯುತ್ತಾ ಕೂತಿರು.

ದಿನಕ್ಕೆ ಅರವತ್ತು ತೋಳು ಹಿಡಿದು ಸೂಜಿ ಚುಚ್ಚುವವಳಿಗೆ ಒಂದು ಮಗುವಿನ ಮೂತಿಗೆ ಮಾಸ್ಕು ಹಿಡಿಯುವುದನ್ನು ಟೈರು ಬಿಚ್ಚುವವಳು ಹೇಳಿಕೊಡಬೇಕಾಗಿಲ್ಲ. ಮೇಲಿನ ಮನೆಯ ಟೈಲರಮ್ಮ ದಿನಾ ರಾತ್ರಿ ಇಳಿದು ಬರುತ್ತಾಳೆ. ಅವಳು ಕಾಲು ಹಿಡಿಯುತ್ತಾಳೆ, ನಾನು ತಲೆಯನ್ನು ಕಂಕುಳಲ್ಲಿ ಅದುಮಿಕೊಂಡು ಮಾಸ್ಕು ಒತ್ತುತ್ತೇನೆ. ಕಡ್ಡಿ ಮೊನ್ನೆ ನನ್ನ ಹೆಬ್ಬೆರಳು ಕಚ್ಚಿದಳು, ಉಗುರಿನ ಬುಡ ಕಪ್ಪಾಗಿದೆ. ಆದರೂ ಒಂದು ಸಲವೂ ತಪ್ಪಿಸಿಲ್ಲ. ಡಬ್ಬಿಯ ಅಂಕಿ ದಿನಕ್ಕೆ ಎರಡು ಸರಿಯಾಗಿ ಇಳಿಯುತ್ತಿದೆ. ನಿನ್ನ ಹಾಗಲ್ಲ.

ಇಷ್ಟಾದರೂ ರಾತ್ರಿಯ ಸೀಟಿ ಹೆಚ್ಚಾಗಿದೆ. ಅದು ನೀನು ತಪ್ಪಿಸಿದ ಐವತ್ತೊಂದರ ಫಲ, ಬೇರೇನಲ್ಲ. ನಿನ್ನೆ ಮೂರು ಗಂಟೆಗೆ ಎದ್ದು ಎಣಿಸಿದೆ, ನಿಮಿಷಕ್ಕೆ ನಲವತ್ತನಾಲ್ಕು ಉಸಿರು. ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಕ್ಕೆ ಹೋಗಿ ಬರುತ್ತಿತ್ತು. ಎತ್ತಿಕೊಳ್ಳಲು ಹೋದರೆ ಕೈ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದಳು. ಮೊದಲೆಲ್ಲ ನನ್ನ ಕುತ್ತಿಗೆ ತಬ್ಬದೆ ನಿದ್ದೆ ಮಾಡುತ್ತಿರಲಿಲ್ಲ. ಇದನ್ನೂ ನಿನ್ನ ಹೆಸರಿಗೇ ಬರೆದಿಟ್ಟಿದ್ದೇನೆ.

ಮರೆಯುವ ಜಾತಿಯವಳಲ್ಲ ನಾನು.

ತಂಗಿ


ನವೆಂಬರ್ 19, ಬುಧವಾರ

ತಂಗೀ,

ಮಗಳು ನಿನ್ನ ಕೈ ತಳ್ಳಿ ಗೋಡೆಗೆ ತಿರುಗಿದಳು ಅಂತ ಬರೆದಿದ್ದೀಯ. ಸುಳ್ಳು ಯಾಕೆ ಹೇಳಲಿ, ಓದಿ ಹಾಲು ಕುಡಿದಷ್ಟು ಸಂತೋಷವಾಯಿತು. ಎರಡು ಸಲ ಓದಿದೆ.

ಟೈರು ಬಿಚ್ಚುವವಳು ಅಂದೆ. ಹೌದು. ಅಪ್ಪ ಹಾಸಿಗೆ ಹಿಡಿದಾಗ ಅಂಗಡಿಯಲ್ಲಿ ಒಬ್ಬರು ಕೂರಬೇಕಿತ್ತು, ಒಬ್ಬರು ಓದಬೇಕಿತ್ತು. ನಾನು ಕೂತೆ. ನೀನು ಓದಿ ಬಿಳಿ ಕೋಟು ಹಾಕಿಕೊಂಡು ಬಂದ ಮೊದಲ ದಿನವೇ ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಂಡು ಸೆರಗಿನಲ್ಲಿ ಒರೆಸಿ ಕುಡಿದೆ. ಕಡ್ಡಿಯನ್ನು ಬಿಟ್ಟು ಹೋಗುವಾಗಲೂ ನೀನು ಹೇಳಿದ ಕೊನೆಯ ಮಾತು ಯಾವುದು ನೆನಪಿದೆಯೇ? "ಗ್ರೀಸ್ ಕೈಯಲ್ಲಿ ಮಾಸ್ಕ್ ಮುಟ್ಬೇಡ." ಮಗುವಿನ ಎದುರಿಗೇ ಹೇಳಿದೆ.

ಅವಳಿಗೆ ಔಷಧಿ ಕೊಡುವ ರೀತಿಯನ್ನು ಒಂಬತ್ತನೇ ತಾರೀಕೇ ಒಂದು ಹಾಳೆಯಲ್ಲಿ ಬರೆದು ಮುಗಿಸಿದ್ದೆ. ಲಕೋಟೆಗೆ ಹಾಕುವಷ್ಟರಲ್ಲಿ ಟೀಚರಮ್ಮ ಸ್ಕೂಟರು ತಳ್ಳಿಕೊಂಡು ಅಂಗಡಿ ದಾಟಿದಳು. ಹಾಳೆಯನ್ನು ಸ್ಪ್ಯಾನರ್ ಇಡುವ ಖಾನೆಗೆ ಹಾಕಿಬಿಟ್ಟೆ. ಅಲ್ಲೇ ಇದೆ. ಮೂರು ಪದ ಬರೆದು ಕಳಿಸು, ನಿನ್ನದಾಗುತ್ತದೆ.

ಒಬ್ಬಳಿಗೆ ಬಗ್ಗುವುದು ಎಷ್ಟು ಕಷ್ಟ ಅಂತ ನಿನಗೂ ಒಮ್ಮೆ ತಿಳಿಯಲಿ.

ಅಕ್ಕ


ನವೆಂಬರ್ 27, ಗುರುವಾರ

ತಂಗೀ,

ಎಂಟು ದಿನವಾಯಿತು. ಬೈಯುವುದಕ್ಕಾದರೂ ಬರೆಯುತ್ತೀಯ ಅಂದುಕೊಂಡಿದ್ದೆ. ಸುಮ್ಮನಿರುವುದು ನಿನ್ನ ಗುಣವಲ್ಲ.

ನಿನ್ನೆ ರೈಲು ನಿಲ್ದಾಣದವರೆಗೆ ಹೋಗಿದ್ದೆ. ಟಿಕೆಟ್ ಕಿಟಕಿಯ ಮುಂದೆ ನಿಂತೆ. ಬಾಗಿಲಲ್ಲೇ ಓಡಿಸಿದರೆ ಏನು ಮಾಡಲಿ ಅನ್ನಿಸಿ ವಾಪಸು ಬಂದೆ.

ಕಡ್ಡಿ ಹೇಗಿದ್ದಾಳೆ? ಅಷ್ಟು ಒಂದು ಬರೆ.

ಅಕ್ಕ


ನವೆಂಬರ್ 29, ಶನಿವಾರ

ಅಕ್ಕಾ,

ಇಪ್ಪತ್ತೊಂದನೇ ತಾರೀಕು ರಾತ್ರಿ ಅವಳ ತುಟಿ ನೀಲಿಯಾಯಿತು.

ಟೈಲರಮ್ಮ ಕಾಲು ಹಿಡಿದಿದ್ದಳು, ನಾನು ತಲೆ ಹಿಡಿದಿದ್ದೆ. ಒದ್ದಾಡುತ್ತಿದ್ದವಳು ಇದ್ದಕ್ಕಿದ್ದಂತೆ ಒದ್ದಾಟ ನಿಲ್ಲಿಸಿದಳು. ಸದ್ಯ, ಸೋತಳು, ಇನ್ನು ಸಲೀಸು ಎಂದುಕೊಂಡೆ. ಹೌದಕ್ಕ, ನಾನು ಅಂದುಕೊಂಡದ್ದು ಅದನ್ನೇ. ಮಾಸ್ಕು ತೆಗೆದು ನೋಡಿದಾಗ ಬಾಯಿ ತೆರೆದಿತ್ತು, ಸದ್ದಿರಲಿಲ್ಲ, ಸೀಟಿ ಕೂಡ ಇರಲಿಲ್ಲ.

ಆರು ದಿನ ಆಸ್ಪತ್ರೆಯಲ್ಲಿದ್ದೆವು. ಮೂಗಿಗೆ ಆಕ್ಸಿಜನ್ ಕೊಳವೆ. ರಕ್ತ ತೆಗೆಯಲು ನಮ್ಮ ಲ್ಯಾಬಿನವನೇ ಬಂದ, ನನ್ನ ಜೊತೆ ಕೆಲಸ ಮಾಡುವವನು. ಗಟ್ಟಿಯಾಗಿ ಹಿಡಿದು ಬೇಗ ಮುಗಿಸಿದ. ಮಂಚದ ಈ ಬದಿಯಲ್ಲಿ ನಿಂತು ನೋಡಿದ್ದು ಅದೇ ಮೊದಲು. ಅವಳು ಅವನ ಮುಖ ನೋಡುತ್ತಿರಲಿಲ್ಲ, ಅವನ ಕೈಗಳನ್ನೇ ನೋಡುತ್ತಿದ್ದಳು. ನನ್ನನ್ನೂ ಹಾಗೇ ನೋಡುತ್ತಾಳೆ. ಮಗುವಿಗೆ ಯಾರ ಭಯ ಎಂದು ಆಗ ಗೊತ್ತಾಯಿತು.

ಅಲ್ಲಿನ ನರ್ಸಮ್ಮ ಹೇಳಿದಳು, ಕಿರುಚುವ ಮಗುವಿಗೆ ಎಷ್ಟು ಒತ್ತಿದರೂ ಔಷಧಿ ಕೆನ್ನೆಯಲ್ಲೇ ನಿಲ್ಲುತ್ತದೆ, ಎದೆಗೆ ಇಳಿಯುವುದಿಲ್ಲ ಎಂದು. ಅಂಕಿ ಇಳಿಯುತ್ತಿತ್ತು, ಔಷಧಿ ಇಳಿಯುತ್ತಿರಲಿಲ್ಲ.

ಬಿಡುಗಡೆಯ ಹಿಂದಿನ ದಿನ ನರ್ಸಮ್ಮ ಇನ್‌ಹೇಲರ್ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಮಾಸ್ಕು ಎಲ್ಲ ತಂದಳು. ಕಡ್ಡಿ ಹೇಳಿದ್ದೇನು ಗೊತ್ತೇ? "ಕೈ ಹಿಂದೆ ಇಟ್ಕೊಳಿ. ನಾನ್ ಹೇಳಿದ್ಮೇಲೆ ಒತ್ತಿ." ನರ್ಸಮ್ಮ ನಗುತ್ತಾ ಕೈ ಹಿಂದೆ ಕಟ್ಟಿದಳು. ಇವಳು ತಾನೇ ಮಾಸ್ಕು ಎತ್ತಿ ಮುಖಕ್ಕೆ ಹಿಡಿದು, ಔಷಧಿ ಒತ್ತಲು ಹೇಳಿ, ಹತ್ತು ಉಸಿರು ಎಳೆದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದು ಬಾಗಿಲು ತೆಗೆದಾಗ ನಿನ್ನ ಹತ್ತೊಂಬತ್ತರ ಕಾಗದ ಕಾಲಿಗೆ ಸಿಕ್ಕಿತು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಓದಿದೆ. ಹಾಲು ಕುಡಿದಷ್ಟು ಸಂತೋಷ ಅಂದಿದ್ದೆ.

ನಿನ್ನೆ ರಾತ್ರಿ ನಾನೂ ಕೈ ಹಿಂದೆ ಕಟ್ಟಿ ನೋಡಿದೆ. ನನ್ನನ್ನು ನಂಬಲಿಲ್ಲ, ಮಂಚದ ಕೆಳಗೆ ಹೋಗಿ ಕೂತಳು. ನರ್ಸಮ್ಮನಿಗೆ ಒಪ್ಪಿದವಳು ನನಗೆ ಒಪ್ಪುತ್ತಿಲ್ಲ. ಇನ್ನೇನೋ ಇದೆ, ಅದು ನಿನಗೆ ಗೊತ್ತು.

ಅಕ್ಕಾ, ತಪ್ಪಾಯಿತು. ಹೇಳಿಕೊಡು. ನೀನು ಕೇಳಿದ ಪದಗಳು ಇವೇ ಅಲ್ಲವೇ? ಎಣಿಸಿಕೋ. ಗೆದ್ದೆ. ಈಗ ಹೇಳು.

ತಂಗಿ


ಡಿಸೆಂಬರ್ 3, ಬುಧವಾರ

ತಂಗೀ,

ಕಾಗದ ಓದಿದ ತಕ್ಷಣ ಫೋನು ಮಾಡಿದೆ. ಬ್ಲಾಕ್ ಹಾಗೇ ಇದೆ. ಅದಕ್ಕೆ ಬೇಗ ತಲುಪುವ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ರೀತಿ. ಇಲ್ಲಿಗೆ ಬಂದ ದಿನ ನಾನೂ ಅವಳನ್ನು ಹಿಡಿಯಲು ಹೋದೆ. ಕೈ ತುಂಬ ಗ್ರೀಸು. "ದೊಡ್ಡಮ್ಮ, ಗ್ರೀಸ್ ಕೈ, ಮುಟ್ಬೇಡ" ಅಂದಳು. ನಿನ್ನದೇ ಮಾತು, ನಿನ್ನದೇ ಧಾಟಿ. ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ನೀನೇ ಮಾಡ್ಕೊ ಹೋಗು" ಅಂತ ಕೈ ಹಿಂದೆ ಕಟ್ಟಿ ಕೂತುಬಿಟ್ಟೆ. ಅವಳು ಸ್ವಲ್ಪ ಹೊತ್ತು ನೋಡಿ, ಮಾಸ್ಕನ್ನು ತಂದು ನನ್ನ ಮುಖಕ್ಕೆ ಹಿಡಿದಳು. ಆಮೇಲೆ ತನ್ನ ಮುಖಕ್ಕೆ. ನಾನೇನೂ ಉಪಾಯ ಮಾಡಲಿಲ್ಲ, ಸಿಟ್ಟಿನಲ್ಲಿ ಆಗಿದ್ದು.

ಮರುದಿನದಿಂದ ಅದೇ ಪದ್ಧತಿಯಾಯಿತು. ನೆಲದ ಮೇಲೆ ಕೂರು, ಮಂಚದ ಮೇಲಲ್ಲ. ಅವಳಿಗಿಂತ ಎತ್ತರ ಇರಬೇಡ. ಹಿಂದೆ ಕಟ್ಟಿದ ನಿನ್ನ ಕೈ ಯಾವಾಗ ಬೇಕಾದರೂ ಮುಂದೆ ಬಂದೀತು ಅಂತ ಅವಳಿಗೆ ಭಯ, ಅದಕ್ಕೇ ನಿನ್ನನ್ನು ನಂಬಿಲ್ಲ. ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂರು. ನಾವು ಟ್ಯೂಬಿನಲ್ಲಿ ಗಾಳಿ ಸೋರುವ ಜಾಗ ಹುಡುಕುವುದನ್ನು ಅಂಗಡಿಯಲ್ಲಿ ನೋಡಿದ್ದಾಳಲ್ಲ, ಅವಳು ಬಂದು ನಿನ್ನ ಬೆನ್ನಿಗೆ ಕಿವಿ ಇಟ್ಟು ಎಲ್ಲಿ ಸೋರುತ್ತಿದೆ ಅಂತ ನೋಡುತ್ತಾಳೆ. ನೋಡಲು ಬಿಡು. ಮೊದಲು ನಿನಗೆ ಮಾಸ್ಕು, ಔಷಧಿ ಒತ್ತದೆ, ಹತ್ತು ಉಸಿರು. ನಿಜವಾಗಿ ಎಳೆ, ನಾಟಕ ಮಾಡಿದರೆ ಕಂಡುಹಿಡಿಯುತ್ತಾಳೆ. ಆಮೇಲೆ ಅವಳು. "ಒತ್ತು" ಅಂದ ಮೇಲೆ ಒಂದು ಕೈ ತೆಗೆದು ಒಂದೇ ಬೆರಳಿನಲ್ಲಿ ಒತ್ತು. ಎಷ್ಟು ಹೊತ್ತಾದರೂ ಅವಳು ಹೇಳುವವರೆಗೆ ಕೈ ತೆಗೆಯಬೇಡ. ತುಟಿಯ ಬಣ್ಣ ಬದಲಾದರೆ ಮಾತ್ರ ಆಟ ಬಿಟ್ಟು ಆಸ್ಪತ್ರೆಗೆ ಓಡು.

ಈಗ ಡಬ್ಬಿ. ಬೆಳಿಗ್ಗೆ ಆರಕ್ಕೆ ನಾನು ಅಂಗಡಿ ತೆಗೆಯುತ್ತೇನೆ, ಅವಳೂ ನನ್ನ ಜೊತೆಗೆ. ಮನೆಯಲ್ಲಿ ಮರೆತು ಬಂದರೆ ಕಷ್ಟ ಅಂತ ಮೊದಲ ದಿನವೇ ಡಾಕ್ಟರ ಚೀಟಿ ತೋರಿಸಿ ಅಂಗಡಿಗೆ ಬೇರೆ ಒಂದು ತಂದಿಟ್ಟೆ. ಬೆಳಗಿನ ನಲವತ್ತೂ ಅದರಲ್ಲಿ. ಅಂಗಡಿ ಮುಚ್ಚುವುದು ತಡವಾದ ಹನ್ನೊಂದು ರಾತ್ರಿಯದೂ ಅದರಲ್ಲಿ. ಡಬ್ಬಿಯನ್ನು ಈ ಲಕೋಟೆಯಲ್ಲೇ ಹಾಕಿದ್ದೇನೆ. ಕಿಂಡಿಯಲ್ಲಿ ಅರವತ್ತೊಂಬತ್ತು ಕಾಣುತ್ತದೆ. ನೂರಿಪ್ಪತ್ತರಲ್ಲಿ ಕಳೆದು ನೋಡು.

ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಅಂತಾರೆ. ನಾನು ಹಾಳೆಯನ್ನು ಖಾನೆಗೆ ಹಾಕಿದ್ದು ನಿನ್ನನ್ನು ಬಗ್ಗಿಸುವುದಕ್ಕೆ. ಅವಳ ಉಸಿರು ಅದರಲ್ಲಿ ಇದೆ ಅನ್ನುವುದು ಗೊತ್ತಿರಲಿಲ್ಲ ಅಂತ ಬರೆಯಲು ಹೋದೆ. ಗೊತ್ತಿತ್ತು.

ಅಕ್ಕ


ಡಿಸೆಂಬರ್ 8, ಸೋಮವಾರ

ಅಕ್ಕಾ,

ಕಾಗದ ಶನಿವಾರ ಬಂತು. ಅಲ್ಲಿಯವರೆಗೆ ದಿನಾ ಎರಡು ಹೊತ್ತು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ನರ್ಸಮ್ಮನ ಹತ್ತಿರ ಔಷಧಿ ಕೊಡಿಸಿದೆ. ಅಂದೇ ರಾತ್ರಿ ಎರಡು ಗಂಟೆಗೆ ಸೀಟಿ ಶುರುವಾಯಿತು, ಸೀಟಿ ಬಂದಾಗಲೂ ಒಂದು ಸಲ ಕೊಡಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ.

ದೀಪ ಹಾಕಿ ನೆಲದ ಮೇಲೆ ಕೂತು ಎರಡೂ ಅಂಗೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡೆ. ಅವಳು ನಂಬಲಿಲ್ಲ. ಬಗ್ಗಿ ಈ ಕಡೆಯಿಂದ ನೋಡಿದಳು, ಸುತ್ತಿ ಬಂದು ಆ ಕಡೆಯಿಂದ ನೋಡಿದಳು. ನನ್ನ ಮಗಳು ನನ್ನ ಕೈಗಳನ್ನು ತಪಾಸಣೆ ಮಾಡಿದಳು, ಅಕ್ಕ. ಹನ್ನೊಂದು ನಿಮಿಷ. ಉಸಿರು ಎಣಿಸುತ್ತಾ ಅವಳ ತುಟಿಯನ್ನೇ ನೋಡುತ್ತಾ ಕೂತೆ. ಕೈ ತೆಗೆದು ಎಳೆದುಕೊಂಡು ಮಾಸ್ಕು ಒತ್ತಿಬಿಡಲು ಭುಜ ತಾನಾಗಿ ಎದ್ದೆದ್ದು ಬರುತ್ತಿತ್ತು. ಆಮೇಲೆ ಬೆನ್ನಿನ ಮೇಲೆ ಅವಳ ಕಿವಿ ತಾಗಿತು. "ಅಮ್ಮಾ, ನಿಂದು ಜೋರಾಗಿ ಬಡ್ಕೊಳ್ತಿದೆ" ಎಂದಳು. ನನ್ನ ಮುಖಕ್ಕೆ ಮಾಸ್ಕು ಹಿಡಿದು ತಪ್ಪಿಲ್ಲದೆ ಹತ್ತರವರೆಗೆ ಎಣಿಸಿದಳು. ಆಮೇಲೆ ತಾನು ಹಿಡಿದುಕೊಂಡು "ಒತ್ತು" ಎಂದಳು.

ಎರಡು ರಾತ್ರಿಯಿಂದ ನನ್ನ ಹತ್ತಿರವೇ ತೆಗೆದುಕೊಳ್ಳುತ್ತಿದ್ದಾಳೆ. ಸೀಟಿ ಕಡಿಮೆಯಾಗಿದೆ. ಗೋಡೆಯ ಕಡೆ ಇನ್ನೂ ತಿರುಗುತ್ತಾಳೆ.

ಅರವತ್ತೊಂಬತ್ತನ್ನು ನೋಡಿದೆ. ಕಳೆದೂ ನೋಡಿದೆ. ನಿನ್ನ ಟೀಚರಮ್ಮನ ವಿಳಾಸ ಕಳಿಸು, ನಾನು ಕೂಗಿದ್ದು ಸುಳ್ಳು ಎಂದು ಬರೆದು ರುಜು ಹಾಕಿ ಕಳಿಸುತ್ತೇನೆ. ಆ ತಪ್ಪು ನನ್ನದು.

ಆದರೆ ನಿನ್ನದೂ ಕೇಳಿಸಿಕೋ. ಒಂಬತ್ತರಿಂದ ಇಪ್ಪತ್ತೊಂದಕ್ಕೆ ಹನ್ನೆರಡು ದಿನ. ಹನ್ನೆರಡು ರಾತ್ರಿ ನಾನು ಅವಳ ತಲೆ ಅದುಮುತ್ತಿದ್ದಾಗ ಆ ಹಾಳೆ ನಿನ್ನ ಸ್ಪ್ಯಾನರುಗಳ ಜೊತೆ ಮಲಗಿತ್ತು. ನಾನು ಮಾಡಿದ್ದು ಗೊತ್ತಿಲ್ಲದೆ. ನೀನು ಮಾಡಿದ್ದು ಗೊತ್ತಿದ್ದೂ. ಈ ಜನ್ಮದಲ್ಲಿ ಅದನ್ನು ನಾನು ಕ್ಷಮಿಸುವುದಿಲ್ಲ.

ಇಪ್ಪತ್ತೆರಡರಿಂದ ನನಗೆ ಮತ್ತೆ ರಾತ್ರಿ ಪಾಳಿ. ಟೈಲರಮ್ಮನ ಕೈ ಕಂಡರೆ ಕಡ್ಡಿ ಮಂಚದ ಕೆಳಗೆ. ಬೇರೆ ಯಾರೂ ಇಲ್ಲ. ಬಾ.

ತಂಗಿ


ಡಿಸೆಂಬರ್ 11, ಗುರುವಾರ

ತಂಗೀ,

ನಾನು ಬರುವುದಿಲ್ಲ.

ಕೋಪದಿಂದ ಹೇಳುತ್ತಿಲ್ಲ, ಕೋಪ ಯಾವತ್ತೋ ಆರಿಹೋಗಿದೆ. ದಿನಾ ಅಂಗಡಿ ತೆಗೆದು ಆ ಖಾನೆ ಎಳೆಯುತ್ತೇನೆ, ಸ್ಪ್ಯಾನರ್ ಬೇಕಾಗುತ್ತದಲ್ಲ. ನಿನ್ನನ್ನು ಬಗ್ಗಿಸಲು ಒಂದು ಮಗುವಿನ ಉಸಿರನ್ನು ಒತ್ತೆ ಇಟ್ಟುಕೊಂಡಿದ್ದೆ. ನೀನು ಮತ್ತೆ ಏನಾದರೂ ಅಂದರೆ, ನಾನು ಮತ್ತೆ ಏನು ಮಾಡುತ್ತೇನೋ ನನಗೇ ತಿಳಿಯದು. ಅಂಥವಳ ಕೈಗೆ ಮಗಳನ್ನು ಕೊಡಬೇಡ. ನರ್ಸಮ್ಮನ ಕಾಲು ಹಿಡಿ, ಪಾಳಿ ಬದಲಿಸಿಕೋ, ಏನಾದರೂ ಮಾಡು.

ಟೀಚರಮ್ಮನಿಗೆ ನೀನು ಏನೂ ಬರೆಯಬೇಡ. ಅವಳು ಮುಂದಿನ ತಿರುವಿಗೇ ಹೋಗಲಿ. ನೀನು ಕೂಗಿದ ದಿನ ಅದು ಸುಳ್ಳಾಗಿತ್ತು. ಆಮೇಲೆ ನಾನೇ ಅದನ್ನು ನಿಜ ಮಾಡಿದೆ.

ಅಕ್ಕ


ಡಿಸೆಂಬರ್ 14, ಭಾನುವಾರ

ಅಕ್ಕಾ,

ಕ್ಷಮಿಸಿ ಕರೆಯುತ್ತಿದ್ದೇನೆ ಎಂದು ನಿನಗೆ ಯಾರು ಹೇಳಿದರು? ನಿನಗೆ ನೀನೇ ಶಿಕ್ಷೆ ವಿಧಿಸಿಕೊಂಡು ಅಲ್ಲಿ ಹಾಯಾಗಿ ಅಳುತ್ತಾ ಕೂರಬಹುದು ಅಂದುಕೊಂಡೆಯಾ? ಶಿಕ್ಷೆ ಕೊಡುವವಳು ನಾನು. ಏನು, ಎಷ್ಟು, ಎಲ್ಲಿ ಎಂದು ನಾನು ಹೇಳುತ್ತೇನೆ.

ಇಲ್ಲಿಗೆ ಬಾ. ನಾನು ಕೆಲಸಕ್ಕೆ ಹೋದ ಮೇಲೆ ಅವಳ ಮಂಚದ ಪಕ್ಕ ಮಲಗು. ನಿನಗೆ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ಎರಡು ಗಂಟೆಗೆ ಸೀಟಿ ಕೇಳಿಸುತ್ತದೆ. ನೆಲದ ಮೇಲೆ ಕೂರು. ಅವಳು ಮಾಸ್ಕು ಎತ್ತಲು ಮನಸ್ಸು ಮಾಡುವವರೆಗೆ, ಐದು ನಿಮಿಷವೋ ಹದಿನೈದು ನಿಮಿಷವೋ, ಅವಳ ಹೊಟ್ಟೆ ಒಳಕ್ಕೆ ಹೋಗಿ ಬರುವುದನ್ನು ನೋಡುತ್ತಾ ಇರು. ಪ್ರತಿ ರಾತ್ರಿ ಆ ಹನ್ನೆರಡು ದಿನ ನೆನಪಾಗಲಿ. ಬೆಳಿಗ್ಗೆ ನಾನು ಬಂದಾಗ ನಿನ್ನ ಕಣ್ಣು ನೋಡಿ, ನೆನಪಾಯಿತೋ ಇಲ್ಲವೋ ತಿಳಿದುಕೊಳ್ಳುತ್ತೇನೆ. ನನಗೂ ಹೀಗೆಯೇ ಕಳೆಯುತ್ತಿದೆ. ಒಬ್ಬಳೇ ಅನುಭವಿಸಿ ಸಾಕಾಗಿದೆ.

ಮತ್ತೆ ಸೇಡು ತೀರಿಸಿಕೊಂಡೇನು ಎಂದು ಹೆದರಿದ್ದೀಯ. ನನ್ನ ಮೇಲೆ ಎಷ್ಟು ಬೇಕಾದರೂ ತೀರಿಸಿಕೋ, ಅದಕ್ಕೆ ಹಗಲು ಪೂರ್ತಿ ಇದೆ, ನಾನೂ ಮನೆಯಲ್ಲೇ ಇರುತ್ತೇನೆ. ನನ್ನ ಹತ್ತಿರವೂ ಇನ್ನೂ ಬೇಕಾದಷ್ಟು ಉಳಿದಿದೆ.

ನಿನ್ನ ನಂಬರಿನ ಬ್ಲಾಕ್ ಬಿಡಿಸಿಲ್ಲ. ಫೋನಿನಲ್ಲಿ ನೆಪ ಹೇಳಿ ತಪ್ಪಿಸಿಕೊಳ್ಳುತ್ತೀಯ ಎಂದೇ ಬಿಡಿಸಿಲ್ಲ. ಇಪ್ಪತ್ತೊಂದನೇ ತಾರೀಕು, ಭಾನುವಾರ ಬೆಳಿಗ್ಗೆಯ ರೈಲಿಗೆ ನಾವಿಬ್ಬರೂ ನಿಲ್ದಾಣದಲ್ಲಿ ನಿಂತಿರುತ್ತೇವೆ. ದೊಡ್ಡಮ್ಮ ಬರುತ್ತಾಳೆ ಎಂದು ಕಡ್ಡಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ತಂಗಿ